ಹಾಲಪ್ಪನವರ ಕೊನೆಯ ಒಕ್ಕಣೆ

ಮೊನ್ನೆ ನೀರಿನ ಕಚೇರಿಯಿಂದ ನನ್ನ ಹೆಸರಿಗೆ ಒಂದು ಕಾಗದ ಬಂತು. ಎರಡು ಪುಟ. ಕನ್ನಡಕ ಒರೆಸಿಕೊಂಡು ಬಾಗಿಲ ಬೆಳಕಿಗೆ ಕೂತು ಓದಿದೆ. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರುವಾಗಿ ‘ಸೂಕ್ತ ಕ್ರಮಕ್ಕಾಗಿ ಕೋರಲಾಗಿದೆ’ ಅಂತ ಮುಗಿಯಿತು. ಏನು ಕೋರಿದ್ದಾರೆ, ಯಾರನ್ನು ಕೋರಿದ್ದಾರೆ, ಅದನ್ನು ನಾನು ಯಾವಾಗ ಮಾಡಬೇಕು, ಒಂದೂ ತಲೆಗೆ ಹೋಗಲಿಲ್ಲ. ಪಕ್ಕದ ಮನೆಯ ಮೇಷ್ಟ್ರ ಕೈಗೆ ಕೊಟ್ಟೆ. ಅವರೂ ಗಡ್ಡ ಕೆರೆದುಕೊಂಡು, ‘ಇನ್ನೊಂದ್ಸಲ ನಿಧಾನಕ್ಕೆ ಓದಿದ್ರೆ ಗೊತ್ತಾಗುತ್ತೆ ಬಿಡಿ ಕೆಂಚಮ್ಮ’ ಅಂದರು. ಇನ್ನೊಂದು ಸಲವಂತೆ! ನನಗೆ ನಗುವೂ ಬಂತು, ನಮ್ಮೂರೂ ನೆನಪಾಯಿತು. ನಮ್ಮೂರಲ್ಲಿ ಇನ್ನೊಂದು ಸಲ ಅನ್ನುವುದು ಇರಲೇ ಇಲ್ಲ.

ನಮ್ಮೂರಲ್ಲಿ ಅಕ್ಷರ ಒಂದೇ ಓದಿಗೆ. ಓದುವವರ ಕಣ್ಣು ಸಾಲಿನ ಮೇಲೆ ಮುಂದೆ ಮುಂದೆ ಹೋದ ಹಾಗೆ ಹಿಂದಿನದು ಅಳಿಸಿಹೋಗುತ್ತಿತ್ತು. ಕೊನೆಗೆ ಕೈಯಲ್ಲಿ ಉಳಿಯುತ್ತಿದ್ದದ್ದು ಬಿಳಿ ಹಾಳೆ. ಅದನ್ನು ಮಡಚಿ ಮತ್ತೆ ಬರೆಯುವುದಕ್ಕೆ ಇಟ್ಟುಕೊಳ್ಳುತ್ತಿದ್ದರು. ಕಾಗದದ ಖರ್ಚು ಕಡಿಮೆ ಅನ್ನುವುದೊಂದು ಅನುಕೂಲ. ಅಂಗಡಿಗೆ ಬೋರ್ಡು ಬರೆಸಿದರೆ ಬೆಳಿಗ್ಗೆ ಮೊದಲು ಹಾದುಹೋದವನೇ ಓದಿ ಮುಗಿಸಿಬಿಡುತ್ತಿದ್ದ. ಹಾಗಾಗಿ ಚಪ್ಪಲಿಯವನು ಬಾಗಿಲಿಗೆ ಚಪ್ಪಲಿ ತೂಗುಹಾಕುತ್ತಿದ್ದ. ಬೆಲ್ಲದವನು ಅಚ್ಚುಬೆಲ್ಲ ತೂಗುಹಾಕಿ ದಿನವಿಡೀ ಇರುವೆಗಳ ಜೊತೆ ಜಗಳವಾಡುತ್ತಿದ್ದ. ಬೇರೆ ಊರಿನವರು ಬಂದು ಅಯ್ಯಯ್ಯೋ ಅಂದರೆ ನಮಗೆ ಏನು ಅಯ್ಯಯ್ಯೋ ಅಂತಲೇ ತಿಳಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದು ಅದೇ.

ಮನೆಗೆ ವ್ಯಾಪಾರದ ಒಕ್ಕಣೆಯ ಕಾಗದ ಬಂತು ಅಂದರೆ ಯಜಮಾನರು ಮುಖ ತೊಳೆದು, ಮಕ್ಕಳನ್ನು ಆಚೆಗೆ ಅಟ್ಟಿ, ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದರು. ‘ಓದಿಗೆ ಕೂತಿದಾರೆ’ ಅಂತ ಹೆಂಡತಿ ಹೊಸ್ತಿಲಲ್ಲಿ ನಿಂತು ಕೈ ಆಡಿಸಿದರೆ ಗಾಡಿಯವನು ಇಳಿದು ಎತ್ತಿನ ಕೊರಳ ಗಂಟೆ ಹಿಡಿದುಕೊಂಡು ದಾಟಿಸುತ್ತಿದ್ದ. ಬಟ್ಟೆ ಅಂಗಡಿಯ ಗುರುಬಸಪ್ಪ ಒಂದು ಸಲ ಓದುವಾಗ ಬಂದ ಸೀನನ್ನು ತಡೆದುಕೊಳ್ಳಲು ಹೋಗಿ, ಕಣ್ಣು ಸಾಲಿನ ಮೇಲೆ ಹರಿದರೂ ಬುದ್ಧಿ ಮೂಗಿನಲ್ಲೇ ಉಳಿಯಿತು. ಹೋದದ್ದು ಬಣ್ಣದ ಸಾಲು. ಆ ವರ್ಷ ಊರಿನ ಹೆಂಗಸರೆಲ್ಲ ಹಳದಿ ಸೀರೆಯಲ್ಲೇ ಓಡಾಡಿದೆವು.

ಬರೆಯುವವರ ಕಷ್ಟ ಇನ್ನೊಂದು ತೆರ. ತಾನು ಬರೆದದ್ದನ್ನು ತಾನೇ ಓದಿದರೂ ಅಕ್ಷರ ಹೋಯಿತು. ಹಾಗಾಗಿ ಒಕ್ಕಣೆಗಾರರು ಕಾಗದದ ಕಡೆ ನೋಡದೆ ಬರೆಯುವುದನ್ನು ಕಲಿಯುತ್ತಿದ್ದರು. ವ್ಯಾಪಾರಿ ಬಂದು ತನಗೆ ಬೇಕಾದದ್ದನ್ನು ಹೇಳಿ ಹೋಗುತ್ತಿದ್ದ; ಅದನ್ನು ಒಂದೇ ಓದಿಗೆ ತಲೆಯಲ್ಲಿ ಕೂರುವ ಹಾಗೆ ಬರೆದು ಕಳಿಸುವುದು ಇವರ ಕಸುಬು. ಊರಿನ ಒಕ್ಕಣೆಗಾರರಲ್ಲೆಲ್ಲ ದೊಡ್ಡವರು ಹಾಲಪ್ಪನವರು. ಪೇಟೆಬೀದಿಯ ಕೊನೆಯಲ್ಲಿ ಅವರ ಮನೆ. ಕಿಟಕಿಯ ಪಕ್ಕ ಒಂದು ಮರದ ಪೀಠ. ಕೈ ಬರೆಯುತ್ತಿದ್ದರೆ ಕಣ್ಣು ಕಿಟಕಿಯಾಚೆ ಇರುತ್ತಿತ್ತು, ಬಾಯಿ ಮಾತ್ರ ಬರೆಯುವುದನ್ನೇ ಮೆಲ್ಲಗೆ ಗುನುಗುತ್ತಿತ್ತು. ‘ದೊಡ್ಡ ಜಾಡಿ ನಲವತ್ತು ಬೇಕು. ಬಾಯಿ ಅಗಲ ಇರಲಿ. ಸಂತೆಯ ಹಿಂದಿನ ದಿನ ಗಾಡಿ ಬರುತ್ತದೆ. ಬಿರುಕು ಬಿಟ್ಟದ್ದು ಬೇಡ.’ ಮುಗಿಯಿತು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನಾನು ಅಗಿಯುವಷ್ಟರಲ್ಲಿ ಒಕ್ಕಣೆ ಮಡಚಿ ಕೈಗೆ ಬರುತ್ತಿತ್ತು.

‘ಬಿರುಕು ಬಿಟ್ಟಿದ್ದು ಬೇಡ ಅಂತ ಬೇರೆ ಬರೀಬೇಕಾ ಅಣ್ಣಾ? ಅದನ್ನ ಯಾರು ತಗೋತಾರೆ?’ ಅಂತ ನಾನೊಮ್ಮೆ ಕೇಳಿದ್ದೆ.

‘ನಾವು ಹೇಳ್ದೇ ಇದ್ದಿದ್ದನ್ನ ಅವ್ರು ತಿಳ್ಕೊಂಡಿರ್ತಾರೆ ಅಂತ ಕೂತ್ಕೋಬಾರ್ದು ತಂಗಿ’ ಅಂದಿದ್ದರು. ‘ಪಾಪ, ಅವ್ರಿಗೆ ಸಿಗೋದು ಒಂದೇ ಓದು. ಅದ್ರಲ್ಲಿ ಊಹೆ ಮಾಡೋ ಕೆಲ್ಸಾನೂ ಅವ್ರ ತಲೆ ಮೇಲೆ ಹಾಕ್ಬೇಕಾ?’

ಬೇಕಾದದ್ದು ಮೊದಲ ಸಾಲಿಗೆ ಬರಬೇಕು. ಒಂದು ಸಾಲಿಗೆ ಒಂದೇ ಸಂಗತಿ. ಅವರ ಹತ್ತಿರ ಕಸುಬು ಕಲಿಯಲು ಬಂದ ಒಬ್ಬ ‘ಮೇಲೆ ಹೇಳಿದಂತೆ’ ಅಂತ ಬರೆದದ್ದು ಕಿವಿಗೆ ಬಿದ್ದಾಗ ಹಾಲಪ್ಪನವರು ಎದ್ದು ನಿಂತಿದ್ದರು. ‘ಯಾವ ಮೇಲೆ? ಓದೋನು ತಲೆ ಎತ್ತಿ ನೋಡಿದ್ರೆ ಮೇಲೆ ಸೂರು ಬಿಟ್ರೆ ಇನ್ನೇನೂ ಇರಲ್ಲ!’ ಆ ಹುಡುಗ ಮಾರನೆಯ ದಿನವೇ ಎಣ್ಣೆ ಗಾಣಕ್ಕೆ ಸೇರಿಕೊಂಡ.

ಒಕ್ಕಣೆ ಹೊತ್ತು ತಲುಪಿಸುವವಳು ನಾನು. ನನ್ನವ್ವನೂ ಓಲೆಕಾರ್ತಿಯೇ. ಆ ಕೆಲಸಕ್ಕೆ ಅಕ್ಷರ ಬರಬಾರದು. ದಾರಿಯಲ್ಲಿ ಕಣ್ಣಾಡಿಸಿದರೆ ಊರಿನ ವ್ಯಾಪಾರವೇ ಮುಳುಗಿತಲ್ಲ. ನಾನು ಎಷ್ಟು ನೋಡಿದರೂ ಅಕ್ಷರಕ್ಕೆ ಏನೂ ಆಗುತ್ತಿರಲಿಲ್ಲ. ಮರದ ನೆರಳಲ್ಲಿ ಕೂತು ಒಕ್ಕಣೆ ಬಿಚ್ಚಿ ಸುಮ್ಮನೆ ನೋಡುತ್ತಿದ್ದೆ. ಎಷ್ಟು ಚೆಂದ ಇರುತ್ತಿದ್ದವು! ಓದು ಬಲ್ಲ ಯಾರೂ ಅವನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಅಕ್ಷರ ಕಲಿತದ್ದು ಮಗಳ ಹಿಂದೆ ಈ ಊರಿಗೆ ಬಂದ ಮೇಲೆ, ಮೊಮ್ಮಕ್ಕಳ ಜೊತೆ. ಇಲ್ಲಿ ಅಕ್ಷರ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೇ ಇರಬೇಕು, ಹೇಗೆ ಬೇಕಾದರೂ ಬರೆಯುತ್ತಾರೆ.

ಓಲೆಕಾರ್ತಿಗೆ ಇನ್ನೊಂದು ಕೆಲಸವಿತ್ತು. ಕಾಗದದಲ್ಲಿ ವ್ಯವಹಾರ ಮಾತ್ರ. ಕ್ಷೇಮ ಸಮಾಚಾರ, ನಮಸ್ಕಾರ, ಸೊಸೆಗೆ ಎಷ್ಟು ತಿಂಗಳು, ಹಸು ಕರು ಹಾಕಿತಾ, ಇವೆಲ್ಲ ನನ್ನ ಬಾಯಲ್ಲಿ. ಓದುವವರ ಒಂದೇ ಓದನ್ನು ಉಭಯ ಕುಶಲೋಪರಿಯಲ್ಲಿ ಕಳೆಯಬಾರದು ಅಂತ ಹಿಂದಿನವರು ಮಾಡಿದ ಏರ್ಪಾಡು. ಕಾಗದ ಕೊಟ್ಟು, ಅವರು ಓದಿ ಮುಗಿಸುವ ತನಕ ಹೊರಗೆ ಕಾದು, ಆಮೇಲೆ ಒಳಗೆ ಹೋಗಿ ಮಾತು ಒಪ್ಪಿಸಿ, ಮರುಮಾತು ಕಟ್ಟಿಕೊಂಡು ಬರುತ್ತಿದ್ದೆ.

ನಾನು ಹೆಚ್ಚು ಓಡಾಡಿದ ದಾರಿ ಹಾಲಪ್ಪನವರ ಮನೆಯಿಂದ ದಿಣ್ಣೆಯ ಮೇಲಿನ ಜಾಡಿ ಗೂಡಿಗೆ. ಉಪ್ಪಿನಕಾಯಿ ಜಾಡಿ ಸುಡುವ ದೊಡ್ಡ ಗೂಡು ಅದು. ಗೂಡು ಧಣಿಗಳದ್ದು, ಕೈ ದ್ಯಾವಣ್ಣನದ್ದು. ಉರಿಯ ಬಣ್ಣ ನೋಡಿ ಒಳಗಿನ ಜಾಡಿ ಬೆಂದಿತಾ ಇಲ್ಲವಾ ಅಂತ ಹೇಳುತ್ತಿದ್ದರು ದ್ಯಾವಣ್ಣ. ಹಾಲಪ್ಪನವರೂ ಅವರೂ ಒಂದೇ ಬೀದಿಯಲ್ಲಿ ಬೆಳೆದವರು. ಕೆರೆಯಲ್ಲಿ ಒಟ್ಟಿಗೆ ಈಜು ಕಲಿತು, ಒಟ್ಟಿಗೆ ಒದೆ ತಿಂದವರು. ಒಬ್ಬರ ಮನೆಯಲ್ಲಿ ರೊಟ್ಟಿ ತಟ್ಟಿದರೆ ಇನ್ನೊಬ್ಬರಿಗೂ ಸೇರಿಸಿಯೇ ಹಿಟ್ಟು ಕಲಸುತ್ತಿದ್ದರಂತೆ. ಆಮೇಲೆ ಹಾಲಪ್ಪನವರು ಪೀಠಕ್ಕೆ ಕೂತರು, ದ್ಯಾವಣ್ಣ ಗೂಡಿನ ಮೇಸ್ತ್ರಿಯಾದರು, ಇಬ್ಬರ ಭೇಟಿ ನಿಂತುಹೋಯಿತು.

ಜಗಳವೇನಿಲ್ಲ. ಕಟ್ಟಳೆ ಹಾಗಿತ್ತು. ತಾನು ಯಾರಿಗೆ ಬರೆಯುತ್ತಾನೋ ಅವರ ಮನೆಗೆ ಒಕ್ಕಣೆಗಾರ ಕಾಲಿಡುವಂತಿಲ್ಲ, ದಾರಿಯಲ್ಲಿ ನಿಂತು ಮಾತಾಡುವಂತಿಲ್ಲ. ಸಿಕ್ಕರೆ ‘ಅವತ್ತು ಬರೆದಿದ್ದಿರಲ್ಲ, ಹಂಗಂದ್ರೇನು?’ ಅಂತ ಕೇಳುತ್ತಾರೆ. ಬಾಯಲ್ಲಿ ಬಿಡಿಸಿ ಹೇಳುವುದು ಶುರುವಾದರೆ ಒಕ್ಕಣೆಗೆ ಬೆಲೆ ಎಲ್ಲಿ? ಒಂದು ಓದಿಗೆ ಅರ್ಥವಾಗದಂಥದ್ದನ್ನು ಬರೆದವನು ತಾನೇ ಹೋಗಿ ಹೊಸ್ತಿಲಾಚೆ ನಿಂತು ಬಾಯಲ್ಲಿ ಹೇಳಬೇಕು. ಹಾಗೆ ಹೇಳಿ ಬಂದವನು ಮತ್ತೆ ಲೇಖನಿ ಮುಟ್ಟುವಂತಿಲ್ಲ. ನನ್ನ ಕಾಲದಲ್ಲಿ ಹಾಗೆ ಪೀಠ ಬಿಟ್ಟವನೊಬ್ಬ ಹೆಂಡತಿಯ ತವರಿಗೆ ಹೋಗಿ ಕುರಿ ಕಾಯುತ್ತಿದ್ದ.

ಹೀಗೆ ಆ ಇಬ್ಬರ ಸ್ನೇಹ ನನ್ನ ಬಾಯಿಗೆ ಬಂತು. ‘ಮಂಡಿನೋವು ಹೆಂಗಿದೆ ಕೇಳು. ಹರಳೆಣ್ಣೆ ಬಿಸಿ ಮಾಡಿ ತಿಕ್ಕೋಕೆ ಹೇಳು’ ಅಂತ ಇವರು. ‘ಮೊದ್ಲು ಅವನ ಕೆಮ್ಮು ನೋಡ್ಕೊಳ್ಳೋಕೆ ಹೇಳು, ದೊಡ್ಡ ಪಂಡಿತ’ ಅಂತ ಅವರು. ದ್ಯಾವಣ್ಣನ ಮಗಳ ಮದುವೆಯ ದಿನ ಹಾಲಪ್ಪನವರು ಹೊಸ ಪಂಚೆ ಉಟ್ಟು ತಮ್ಮ ಮನೆಯಲ್ಲೇ ಕಿಟಕಿಯ ಮುಂದೆ ಕೂತಿದ್ದರು. ಅಲ್ಲಿಂದ ದಿಣ್ಣೆ ಕಾಣುತ್ತಿತ್ತು. ದ್ಯಾವಣ್ಣನ ಹೆಂಡತಿ ತೀರಿಕೊಂಡಾಗ ದಿಣ್ಣೆಯ ಬುಡದ ತನಕ ನಡೆದು ಬಂದು ಹುಣಸೆಮರದ ಹತ್ತಿರ ನಿಂತುಬಿಟ್ಟರು. ‘ನೀನು ಹೋಗಮ್ಮ. ನನಗೆ ಬರೋಕಾಗಲ್ಲ ಅಂತ ಹೇಳು’ ಅಂದರು. ನಾನು ಹೋಗಿ ಹೇಳಿದೆ. ದ್ಯಾವಣ್ಣ ಗೋಡೆಯ ಕಡೆ ತಿರುಗಿ ಕೂತರು. ಆ ದಿನ ಮಾತ್ರ ಮರುಮಾತು ಕಳಿಸಲಿಲ್ಲ.

ಹಳೆಯ ಧಣಿಗಳು ಹೋಗಿ ಅವರ ಮಗ ಮರುಳಪ್ಪ ಧಣಿಯಾದ. ಅವನಿಗೆ ಹೆಂಡತಿಯ ಅಣ್ಣನನ್ನು ಗೂಡಿಗೆ ತರುವ ಆಸೆ. ಒಂದು ಬೆಳಿಗ್ಗೆ ಹಾಲಪ್ಪನವರ ಮನೆಗೆ ಬಂದು, ನನ್ನೆದುರಿಗೇ, ಬಿಸಿ ಕಾಫಿ ಊದುತ್ತಾ ಹೇಳಿದ: ‘ಹುಣ್ಣಿಮೆ ಆದ್ಮೇಲೆ ದ್ಯಾವಣ್ಣ ಗೂಡಿಗೆ ಬೆಂಕಿ ಹಾಕೋದು ಬೇಡ. ಬೀಗದ ಕೈ ಕೊಟ್ಟುಬಿಡ್ಲಿ. ಇರೋ ಮನೇಲಿ ಸಾಯೋತನಕ ಇರ್ಲಿ, ನಾನೇನು ರಾಕ್ಷಸ ಅಲ್ಲ. ನೀಟಾಗಿ ಬರೆದು ಕಳಿಸಿ.’

ಅವನು ಹೋದ ಮೇಲೆ ಹಾಲಪ್ಪನವರು ಪೀಠಕ್ಕೆ ಕೂತರು. ನಾನು ಎಲೆ ಅಡಿಕೆ ಹಾಕಿಕೊಂಡೆ. ಅಗಿದು ಮುಗಿಯಿತು. ಇನ್ನೊಂದು ಹಾಕಿಕೊಂಡೆ, ಅದೂ ಮುಗಿಯಿತು. ಅವರು ಬರೆಯುತ್ತಲೇ ಇದ್ದರು. ಗುನುಗುವುದು ಅರ್ಧಂಬರ್ಧ ಕೇಳುತ್ತಿತ್ತು. ‘ಇಷ್ಟು ವರ್ಷ ಗೂಡಿನ ಭಾರವನ್ನು ಹೊತ್ತ ತಮ್ಮ ಭುಜಗಳಿಗೆ ವಿಶ್ರಾಂತಿಯ ಅಗತ್ಯವಿರುವುದನ್ನು ಮನಗಂಡು... ಹುಣ್ಣಿಮೆಯ ನಂತರ ಸೂಕ್ತ ಏರ್ಪಾಡಾಗಬೇಕೆಂಬ ಸದಾಶಯದಿಂದ...’ ನನಗೆ ಗಾಬರಿಯಾಯಿತು. ಧಣಿ ಹೇಳಿದ್ದನ್ನು ಕಿವಿಯಾರೆ ಕೇಳಿದವಳು ನಾನು. ಆದರೂ ಆ ಸಾಲು ಕೇಳಿ, ದ್ಯಾವಣ್ಣನಿಗೆ ಒಬ್ಬ ಆಳು ಕೊಡುತ್ತಾರೇನೋ ಅಂತ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಊರಲ್ಲೇ ಸ್ಪಷ್ಟವಾಗಿ ಬರೆಯುವ ಮನುಷ್ಯನ ಕೈ, ಸ್ನೇಹಿತನಿಗೆ ನೋವಾಗದಿರಲಿ ಅಂತ ಮಾತಿಗೆ ಮಾತು ಹೊದಿಸುತ್ತಿತ್ತು. ಕೊನೆಗೆ ಮಡಚಿ ನನ್ನ ಕೈಗೆ ಕೊಟ್ಟರು.

‘ಬಾಯಲ್ಲಿ ಏನು ಹೇಳ್ಲಿ ಅಣ್ಣಾ?’ ಅಂತ ಕೇಳಿದೆ.

‘ಇವತ್ತು ಏನೂ ಬೇಡ’ ಅಂದರು.

ದ್ಯಾವಣ್ಣ ಎಂದಿನ ಹಾಗೆ ಮುಖ ತೊಳೆದು, ಒಳಗೆ ಹೋಗಿ ಓದಿಗೆ ಕೂತರು. ನಾನು ಜಗುಲಿಯಲ್ಲಿ ಕಾದೆ. ತುಂಬ ಹೊತ್ತಾದ ಮೇಲೆ ಬಿಳಿ ಹಾಳೆ ಹಿಡಿದು ಆಚೆ ಬಂದರು. ‘ಉದ್ದ ಬರ್ದಿದಾನೆ’ ಅಂದರು. ಆಮೇಲೆ, ‘ಬಾಯಲ್ಲಿ ಏನಂದ?’

‘ಏನೂ ಹೇಳಿಲ್ಲಣ್ಣ.’

‘ಏನೂ ಇಲ್ವಾ?’

‘ಇಲ್ಲ.’

ಹಾಳೆಯನ್ನು ಮಡಚಲೂ ಇಲ್ಲ, ಇಡಲೂ ಇಲ್ಲ. ಹಾಗೇ ಹಿಡಿದುಕೊಂಡು ಗೂಡಿನ ಕಡೆ ನಡೆದರು. ನಾನು ಬಂದ ದಾರಿ ಹಿಡಿದೆ.

ಹುಣ್ಣಿಮೆ ಕಳೆಯಿತು. ಮಾರನೆಯ ಬೆಳಿಗ್ಗೆ ದಿಣ್ಣೆಯ ಮೇಲೆ ಹೊಗೆ ಎದ್ದಿತು. ಕಡ್ಡಿಯಂಥ ಹೊಗೆಯಲ್ಲ, ಇಡೀ ಪೇಟೆಗೆ ಕಾಣುವ ಹಾಗೆ ದಟ್ಟ ಕರಿ ಹೊಗೆ. ಜನ ಅಂಗಡಿ ಬಿಟ್ಟು ಬೀದಿಗೆ ಬಂದು ನೋಡಿದರು. ಮರುಳಪ್ಪ ಹಲ್ಲುಜ್ಜಿದ ಬಾಯಿ ಒರೆಸದೆ ಹಾಲಪ್ಪನವರ ಮನೆಗೆ ನುಗ್ಗಿದ.

‘ಏನ್ರೀ ಬರೆದ್ರಿ ನೀವು? ಬೆಂಕಿ ಹಾಕ್ಬೇಡ ಅಂತ ಬರೆದ್ರೋ, ಜೋರಾಗಿ ಹಾಕು ಅಂತ ಬರೆದ್ರೋ?’

ಕಾಗದ ತರಿಸಿ ನೋಡೋಣ ಅನ್ನುವ ಹಾಗಿಲ್ಲವಲ್ಲ ನಮ್ಮೂರಲ್ಲಿ.

‘ನೀವು ತಪ್ಪು ಬರೆಯೋರಲ್ಲ ಅಂತ ನನಗೆ ಗೊತ್ತು’ ಅಂತ ಧಣಿ ತಾನೇ ಮುಂದುವರಿಸಿದ. ‘ಅಂದ್ರೆ ಆ ಮುದುಕ ಬೇಕಂತಲೇ ಮಾಡಿದಾನೆ. ನನ್ನ ಮಾತಿಗೆ ಕವಡೆ ಕಿಮ್ಮತ್ತು ಕೊಟ್ಟಿಲ್ಲ. ಇವತ್ತೇ ಆಳು ಕಳಿಸಿ ಅವನ ಪಾತ್ರೆ ಪಗಡ ದಿಣ್ಣೆಯಿಂದ ಕೆಳಗೆ ಉರುಳಿಸ್ತೀನಿ. ಮನೆಯೂ ಬೇಡ, ಮಠವೂ ಬೇಡ. ಒಂದೇ ಮಾತು ಹೇಳಿ. ನಿಮ್ಮ ಒಕ್ಕಣೆ ಸರಿ ಇತ್ತು ತಾನೆ?’

ನಾನು ಪೀಠದ ಪಕ್ಕದಲ್ಲೇ ನಿಂತಿದ್ದೆ. ಹೌದು ಅಂದರೆ ಪೀಠ ಉಳಿಯಿತು, ದ್ಯಾವಣ್ಣ ಈ ವಯಸ್ಸಿನಲ್ಲಿ ಬೀದಿಗೆ. ಇಲ್ಲ ಅಂದರೆ ದ್ಯಾವಣ್ಣನ ಮನೆ ಉಳಿಯಿತು, ಇವರ ಹೆಸರು ಬೀದಿಗೆ. ಬಾಗಿಲಲ್ಲಿ ಆಗಲೇ ಜನ ತುಂಬಿದ್ದರು. ಹಾಲಪ್ಪನವರು ಅವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

‘ಇಲ್ಲ’ ಅಂದರು. ‘ನನ್ನ ಒಕ್ಕಣೆ ತಪ್ಪು. ದ್ಯಾವಣ್ಣಂದು ತಪ್ಪಿಲ್ಲ. ನಾನೇ ಹೋಗಿ ಬಾಯಲ್ಲಿ ಹೇಳ್ತೀನಿ.’

ಲೇಖನಿಯನ್ನು ತೊಳೆದು, ಒರೆಸಿ, ಪೀಠದ ಮೇಲಿಟ್ಟರು. ಜನ ದಾರಿ ಬಿಟ್ಟರು. ಯಾರೋ ಒಬ್ಬರು ‘ಅಯ್ಯೋ’ ಅಂದದ್ದು ಕೇಳಿಸಿತು. ‘ನೀನೂ ಬಾ ಕೆಂಚಮ್ಮ, ನನಗೆ ದಾರಿ ಸರಿಯಾಗಿ ನೆನಪಿಲ್ಲ’ ಅಂತ ನನ್ನನ್ನು ಕರೆದರು.

ದಿನಾ ಕಿಟಕಿಯಿಂದ ನೋಡುತ್ತಿದ್ದ ದಿಣ್ಣೆಗೆ ದಾರಿ ಗೊತ್ತಿಲ್ಲ ಅನ್ನುವ ಮಾತಿಗೆ ನನ್ನ ಕಣ್ಣು ತುಂಬಿತು. ದಾರಿಯುದ್ದಕ್ಕೂ ಚಿಕ್ಕ ಮಗುವಿನ ಹಾಗೆ ಕೇಳುತ್ತಾ ಬಂದರು. ಇಲ್ಲಿ ಒಂದು ಬಾವಿ ಇತ್ತಲ್ಲ? ಮುಚ್ಚಿದರಾ? ಅವನ ಮನೆಗೆ ಮೆಟ್ಟಿಲು ಎಷ್ಟು ಎತ್ತರ? ಅವನಿಗೆ ಕೂದಲು ಪೂರ್ತಿ ಹೋಗಿದೆಯಾ? ಹುಣಸೆಮರದ ಹತ್ತಿರ ಬಂದಾಗ ಮಾತು ನಿಂತಿತು. ಅದನ್ನು ದಾಟುವಾಗ ನನ್ನ ಭುಜ ಹಿಡಿದುಕೊಂಡರು. ಆಮೇಲೆ ಕೆಮ್ಮುತ್ತಾ ದಿಣ್ಣೆ ಹತ್ತಿದರು.

ಗೂಡಿನ ಮುಂದೆ ಹಾದುಹೋಗುವಾಗ ನಾನು ಒಳಗೆ ಬಗ್ಗಿ ನೋಡಿದೆ. ಹಸಿ ಸೊಪ್ಪು, ಒದ್ದೆ ಸೌದೆ ಉರಿಯುತ್ತಿತ್ತು. ಒಂದು ಜಾಡಿಯೂ ಇರಲಿಲ್ಲ. ಸುಮ್ಮನೆ ಹೊಗೆ. ನಾನು ಕಂಡದ್ದನ್ನು ಹಾಲಪ್ಪನವರೂ ಕಂಡರು. ದ್ಯಾವಣ್ಣನ ಮನೆಯ ಕಡೆ ನಡೆದರು.

ದ್ಯಾವಣ್ಣ ಬಾಗಿಲಲ್ಲೇ ನಿಂತಿದ್ದರು. ಒಗೆದ ಅಂಗಿ ತೊಟ್ಟಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನು ಅವರ ಕ್ಷೇಮ ಇವರಿಗೆ, ಇವರ ಕ್ಷೇಮ ಅವರಿಗೆ ಎಷ್ಟು ವರ್ಷ ಹೊತ್ತಿದ್ದರೂ, ಇಬ್ಬರೂ ಇಷ್ಟು ಮುದುಕರಾಗಿದ್ದಾರೆ ಅನ್ನುವುದನ್ನು ಒಬ್ಬರಿಗೂ ಹೇಳಿರಲಿಲ್ಲ. ಹಾಲಪ್ಪನವರು ಹೊಸ್ತಿಲಾಚೆ ನಿಂತು, ಕೈ ಕಟ್ಟಿಕೊಂಡು, ಕಟ್ಟಳೆಯ ಪ್ರಕಾರ ಬಾಯಲ್ಲಿ ಒಪ್ಪಿಸಿದರು.

‘ದ್ಯಾವಣ್ಣ, ನಿನ್ನ ಕೆಲಸ ಹೋಗಿದೆ. ಇನ್ನು ಗೂಡಿಗೆ ಬೆಂಕಿ ಹಾಕ್ಬೇಡ. ಬೀಗದ ಕೈ ಇವತ್ತೇ ಧಣಿಗೆ ಕೊಡು. ಈ ಮನೆ ನಿನಗೆ ಇರುತ್ತೆ.’

ನಾಲ್ಕು ಸಾಲು. ಒಂದು ಸಾಲಿಗೆ ಒಂದು ಸಂಗತಿ.

‘ಗೊತ್ತು’ ಅಂದರು ದ್ಯಾವಣ್ಣ. ‘ಓದಿದಾಗಲೇ ಗೊತ್ತಾಯ್ತು. ಎರಡು ಸಾಲಿನ ಮನುಷ್ಯ ನೀನು. ಅಷ್ಟುದ್ದ ಬರೆದಿದೀಯ ಅಂದ್ರೆ ಒಳಗೆ ಸಾವಿನ ಸುದ್ದಿ ಇದ್ದ ಹಾಗೇ ಅಂತ ತಿಳ್ಕೊಂಡೆ.’

‘ಗೊತ್ತಿದ್ದೂ ಬೆಂಕಿ ಹಾಕಿದ್ಯಾ? ಧಣಿ ಮನೆ ಕಿತ್ಕೊಳ್ಳೋಕೆ ಹೊರಟಿದ್ದ ಕಣೋ!’

‘ಕಿತ್ಕೊಂಡಿದ್ರೆ ಕಿತ್ಕೊಳ್ತಿದ್ದ.’ ದ್ಯಾವಣ್ಣನ ದನಿ ಏರಿತು. ‘ಸಿಟ್ಟಿತ್ತು ಕಣೋ ನನಗೆ. ಕೆಲಸ ಹೋಗಿದ್ದಕ್ಕಲ್ಲ. ಅವಳು ಸತ್ತ ದಿನ ಮರದ ಕೆಳಗೆ ನಿಂತಿದ್ದೆಯಲ್ಲ, ಇಲ್ಲಿಂದ ನಿನ್ನ ಬಿಳಿ ಪಂಚೆ ಕಾಣ್ತಿತ್ತು. ಹೆಣ ಎತ್ತೋತನಕ ನೋಡ್ದೆ, ಈಗ ಹತ್ತಿ ಬರ್ತಾನೆ, ಈಗ ಬರ್ತಾನೆ ಅಂತ. ಇವತ್ತು ಬಂದಿದೀಯ. ನಿಜ ಹೇಳು. ನಾನು ಈ ಹೊಗೆ ಹಾಕದೇ ಇದ್ದಿದ್ರೆ ನೀನು ಬರ್ತಿದ್ಯಾ?’

ಹಾಲಪ್ಪನವರು ಏನಾದರೂ ಸಮಾಧಾನದ ಮಾತು ಹೇಳಲಿ ಅಂತ ನಾನು ದೇವರನ್ನು ಬೇಡಿಕೊಂಡೆ. ಕಟ್ಟಳೆ ಅನ್ನಬಹುದಿತ್ತು. ಕಾಲು ನೋವು ಅನ್ನಬಹುದಿತ್ತು. ಅವರು ಗೆಳೆಯನ ಮುಖದಿಂದ ಕಣ್ಣು ತೆಗೆಯಲಿಲ್ಲ.

‘ಬರ್ತಿರಲಿಲ್ಲ’ ಅಂದರು.

ದ್ಯಾವಣ್ಣ ತಲೆ ಆಡಿಸಿದರು. ‘ಹಾಂ. ಇದು ಅರ್ಥವಾಯ್ತು’ ಅಂದು ಪಕ್ಕಕ್ಕೆ ಸರಿದು ಬಾಗಿಲು ಬಿಟ್ಟರು. ಹಾಲಪ್ಪನವರು ಹೊಸ್ತಿಲು ದಾಟಲು ಕಾಲೆತ್ತಿ, ಎತ್ತಲಾರದೆ ತಡವರಿಸಿದಾಗ ದ್ಯಾವಣ್ಣನೇ ತೋಳು ಹಿಡಿದು ಒಳಗೆ ಕರೆದುಕೊಂಡರು. ಒಳಗಿಂದ ಇಬ್ಬರು ಮುದುಕರು ಅಳುವ ಸದ್ದು ಬಂತು.

ನಾನು ಅಭ್ಯಾಸ ಬಲದಿಂದ ಜಗುಲಿಯಲ್ಲಿ ಕಾದು ಕೂತೆ. ಬಿಸಿಲು ಏರಿತು. ಒಳಗೆ ಅಳು ನಿಂತು ಮಾತು ಶುರುವಾಯಿತು, ಮಾತಿನ ನಡುವೆ ಬೈಗುಳ, ಬೈಗುಳದ ನಡುವೆ ನಗು. ಯಾರೂ ನನ್ನನ್ನು ಒಳಗೆ ಕರೆಯಲಿಲ್ಲ. ಹೋಗಿ ಹೇಳು ಅಂತ ಒಬ್ಬರೂ ಒಂದು ಮಾತು ಕೊಡಲಿಲ್ಲ. ಕೊನೆಗೆ ಎದ್ದು, ಸೆರಗು ಕೊಡವಿಕೊಂಡು, ಬರಿಬಾಯಲ್ಲಿ ದಿಣ್ಣೆ ಇಳಿದೆ.